ಡಿಸ್ಕಿನ ಪಾಲುಪಟ್ಟಿಯನ್ನು ಓದುವ ಬಗೆ

ಪಾರ್ಟಿಶನ್ ಎಂಬ ಇಂಗ್ಲಿಷ್ ಮಾತು ನಮ್ಮ ಊರಿನ ಹಿರಿಯರಿಗೆ ಹೊಸತಲ್ಲ. ಕೂಡುಕುಟುಂಬದ ಆಸ್ತಿಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಪಾಲುಪಟ್ಟಿ ಬರೆಸುತ್ತಾರೆ. ಯಾವ ಸರ್ವೆ ನಂಬ್ರದಲ್ಲಿ ಎಷ್ಟು ಸೆಂಟ್ಸ್ ಜಾಗ ಯಾರಿಗೆ, ಗಡಿ ಎಲ್ಲಿಂದ ಎಲ್ಲಿಗೆ, ನಡೆದಾಡುವ ದಾರಿ ಯಾವುದು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ತೋಟ ಎಷ್ಟೇ ಹಳೆಯದಾಗಿರಲಿ, ಯಾರ ಪಾಲು ಎಲ್ಲಿ ಮುಗಿಯುತ್ತದೆಂದು ಹೇಳುವುದು ಆ ಕಾಗದವೇ.

ಕಂಪ್ಯೂಟರಿನ ಒಳಗಿರುವ ಡಿಸ್ಕಿಗೂ ಇಂಥದೇ ಒಂದು ಪಾಲುಪಟ್ಟಿ ಇದೆ. ಡಿಸ್ಕಿನ ಜಾಗವನ್ನು ಎಷ್ಟು ಭಾಗಗಳಾಗಿ ಮಾಡಲಾಗಿದೆ, ಪ್ರತಿಯೊಂದು ಭಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಅದು ಯಾವ ಕೆಲಸಕ್ಕೆ ಮೀಸಲಾಗಿದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಆ ಪಟ್ಟಿಯನ್ನು ಆಜ್ಞೆಗಳ ಮೂಲಕ ತೆರೆದು ಓದುವುದು ಹೇಗೆಂದು ತಿಳಿಸುವುದೇ ಈ ಲೇಖನದ ಉದ್ದೇಶ. ತಿದ್ದುವುದು ಹೇಗೆಂದು ಇಲ್ಲಿ ಹೇಳುವುದಿಲ್ಲ. ಮೊದಲು ಓದು, ಆಮೇಲೆ ತಿದ್ದು ಎಂಬುದು ಭೂಮಿಯ ವ್ಯವಹಾರದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ.

ಇದು ನಮಗೆ ಏಕೆ ಬೇಕು?

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣಕ್ಕಾಗಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಗಿ ಬೆಳೆಯಿತು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳು ಹುಟ್ಟಿದವು. ಶಾಲೆಯ ಲ್ಯಾಬಿನಲ್ಲಿ ನಾವು ಕಾಣುವುದು ಗ್ನೂ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶ. ಅದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು ತಮ್ಮ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿಯೂ ಅಭ್ಯಾಸ ಮಾಡಬೇಕೆಂಬ ಆಸೆ ವಿದ್ಯಾರ್ಥಿಗಳಿಗೆ ಬರುವುದು ಸಹಜ. ಅದು ಒಳ್ಳೆಯ ಆಸೆಯೂ ಹೌದು.

ಆದರೆ ಮನೆಯ ಕಂಪ್ಯೂಟರಿನಲ್ಲಿ ಹೆಚ್ಚಾಗಿ ವಿಂಡೋಸ್ ಇರುತ್ತದೆ. ಅಕ್ಕನ ಮದುವೆಯ ಚಿತ್ರಗಳು, ತಂದೆಯವರು ಬರೆದಿಟ್ಟ ಅಡಿಕೆಯ ಲೆಕ್ಕ, ಅಣ್ಣನ ಸರ್ಟಿಫಿಕೇಟುಗಳ ಪ್ರತಿ, ಈಗ ನಮ್ಮೊಡನಿಲ್ಲದ ಅಜ್ಜಿಯ ಧ್ವನಿ, ಇವೆಲ್ಲ ಅದೇ ಡಿಸ್ಕಿನಲ್ಲಿ ಕುಳಿತಿರಬಹುದು. ಪೆನ್‌ಡ್ರೈವಿನಿಂದ ಹೊಸ ವ್ಯವಸ್ಥೆಯನ್ನು ಹಾಕಲು ಹೊರಟಾಗ ಯಂತ್ರವು ಒಂದು ಪ್ರಶ್ನೆ ಕೇಳುತ್ತದೆ: ಇಡೀ ಡಿಸ್ಕನ್ನು ಅಳಿಸಿ ಹಾಕಬೇಕೋ, ಇರುವುದನ್ನು ಉಳಿಸಿಕೊಂಡು ಪಕ್ಕದಲ್ಲಿ ಹಾಕಬೇಕೋ? ಪಾಲುಪಟ್ಟಿಯನ್ನು ಓದಿದವನಿಗೆ ಈ ಪ್ರಶ್ನೆಯ ಅರ್ಥ ತಿಳಿಯುತ್ತದೆ. ಓದದವನು ಕಣ್ಣುಮುಚ್ಚಿ ಒಂದು ಗುಂಡಿ ಒತ್ತುತ್ತಾನೆ. ಆ ಒಂದು ಒತ್ತಿನಿಂದ ಮನೆಯವರ ಹತ್ತು ವರ್ಷದ ನೆನಪು ಹೋಗಬಹುದು.

ಡಿಸ್ಕಿನ ಅಳತೆ

ಜಾಗವನ್ನು ನಾವು ಸೆಂಟ್ಸ್ ಲೆಕ್ಕದಲ್ಲಿ ಅಳೆಯುತ್ತೇವೆ. ನೂರು ಸೆಂಟ್ಸಿಗೆ ಒಂದು ಎಕರೆ. ಡಿಸ್ಕಿನ ಸೆಂಟ್ಸಿಗೆ ಸೆಕ್ಟರ್ ಎಂದು ಹೆಸರು. ಒಂದು ಸೆಕ್ಟರಿನಲ್ಲಿ ಸಾಮಾನ್ಯವಾಗಿ 512 ಬೈಟುಗಳು. ಒಂದು ಬೈಟು ಎಂದರೆ ಸುಮಾರಾಗಿ ಇಂಗ್ಲಿಷಿನ ಒಂದು ಅಕ್ಷರ ಹಿಡಿಯುವಷ್ಟು ಜಾಗ. ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಸೆಕ್ಟರುಗಳಿಗೆ 0, 1, 2, 3 ಎಂದು ಕ್ರಮವಾಗಿ ನಂಬ್ರಗಳಿವೆ. ಎಣಿಕೆ ಸೊನ್ನೆಯಿಂದ ತೊಡಗುತ್ತದೆ ಎಂಬುದನ್ನು ನೆನಪಿಡಬೇಕು.

ಕಂಪ್ಯೂಟರಿನ ಮೊದಲ ಹಾರ್ಡ್‌ಡಿಸ್ಕನ್ನು ಐ.ಬಿ.ಎಂ. ಕಂಪನಿಯು 1956ರಲ್ಲಿ ಹೊರತಂದಿತು. ಒಂದರ ಮೇಲೊಂದರಂತೆ 50 ತಟ್ಟೆಗಳಿದ್ದ ಆ ದೊಡ್ಡ ಯಂತ್ರದಲ್ಲಿ 50 ಲಕ್ಷ ಅಕ್ಷರಗಳಿಗೆ ಮಾತ್ರ ಜಾಗವಿತ್ತು. ಇಂದು ಅಂಗೈಯಲ್ಲಿ ಹಿಡಿಸುವ ಡಿಸ್ಕಿನಲ್ಲಿ ಅದರ ಲಕ್ಷ ಪಟ್ಟು ಹಿಡಿಯುತ್ತದೆ. ಜಾಗ ಹೆಚ್ಚಾದಂತೆ ಅದನ್ನು ಪಾಲು ಮಾಡುವ ಅಗತ್ಯವೂ ಬಂತು. ವ್ಯವಸ್ಥೆಗೆ ಒಂದು ಪಾಲು, ನಮ್ಮ ಕಡತಗಳಿಗೆ ಒಂದು ಪಾಲು ಎಂದು ಮಾಡಿದರೆ, ವ್ಯವಸ್ಥೆ ಕೆಟ್ಟು ಅದನ್ನು ಪುನಃ ಹಾಕಬೇಕಾಗಿ ಬಂದಾಗ ಕಡತಗಳ ಪಾಲನ್ನು ಮುಟ್ಟದೆ ಬಿಡಬಹುದು.

ಎರಡು ಬಗೆಯ ಪಟ್ಟಿಗಳು

ಪಾಲುಪಟ್ಟಿಯಲ್ಲಿ ಹಳತು, ಹೊಸತು ಎಂದು ಎರಡು ಬಗೆ. ಹಳೆಯದರ ಹೆಸರು ಎಂ.ಬಿ.ಆರ್. ಇದು ಐ.ಬಿ.ಎಂ. ಕಂಪನಿಯ ಸಣ್ಣ ಕಂಪ್ಯೂಟರುಗಳಲ್ಲಿ 1983ರಲ್ಲಿ ಬಳಕೆಗೆ ಬಂತು. ಡಿಸ್ಕಿನ ಸೊನ್ನೆಯ ನಂಬ್ರದ ಸೆಕ್ಟರಿನಲ್ಲಿ, ಕೇವಲ 64 ಬೈಟುಗಳಲ್ಲಿ ಈ ಪಟ್ಟಿ ಇರುತ್ತದೆ. ಪ್ರತಿ ಪಾಲಿಗೆ 16 ಬೈಟುಗಳಂತೆ ನಾಲ್ಕೇ ಪಾಲುಗಳನ್ನು ಬರೆಯಲು ಸಾಧ್ಯ. ಸೆಕ್ಟರಿನ ನಂಬ್ರ ಬರೆಯಲು ಅದರಲ್ಲಿರುವ ಸ್ಥಳವೂ ಕಡಿಮೆಯಾದುದರಿಂದ 512 ಬೈಟಿನ ಸೆಕ್ಟರುಗಳಲ್ಲಿ ಸುಮಾರು 2.2 ಟೆರಾಬೈಟಿನಿಂದ ಆಚೆಗಿನ ಜಾಗವನ್ನು ಅದು ಗುರುತಿಸಲಾರದು.

ಹೊಸ ಬಗೆಯ ಹೆಸರು ಜಿ.ಪಿ.ಟಿ. ಇದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿದೆ. ಇದರ ಇನ್ನೊಂದು ಗುಣ ದೊಡ್ಡದು: ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲಿ, ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿ ಇರುತ್ತದೆ. ಮನೆಯಲ್ಲಿಟ್ಟ ದಸ್ತಾವೇಜು ಗೆದ್ದಲು ತಿಂದು ಹೋದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುವಂತೆ, ಮೊದಲಿನ ಪ್ರತಿ ಕೆಟ್ಟರೆ ತುದಿಯ ಪ್ರತಿಯಿಂದ ಅದನ್ನು ಸರಿಪಡಿಸಬಹುದು. ಈಚಿನ ಕಂಪ್ಯೂಟರುಗಳಲ್ಲಿ ಇದೇ ಬಗೆ ಹೆಚ್ಚು.

ಪಟ್ಟಿ ಬೇರೆ, ಭೂಮಿ ಬೇರೆ

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. 1956ರ ಅಕ್ಟೋಬರ್ ಕೊನೆಯವರೆಗೆ ನಮ್ಮ ಕಾಸರಗೋಡು ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಅದು ಕೇರಳಕ್ಕೆ ಸೇರಿತು. ನೆರೆಯ ಪುತ್ತೂರಿನ ಕಡೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾಯಿತೆಂದು ದೇಲಂಪಾಡಿಯ ಒಂದು ಅಡಿಕೆಮರವೂ ಅಲುಗಲಿಲ್ಲ. ಪಯಸ್ವಿನಿ ಹೊಳೆ ತನ್ನ ಹಾದಿ ಬಿಡಲಿಲ್ಲ. ಬದಲಾದದ್ದು ಕಡತದ ಬರಹ ಮಾತ್ರ. ಆದರೆ ಆ ಬರಹ ಬದಲಾದುದರಿಂದ ಯಾವ ಸರಕಾರಕ್ಕೆ ತೀರ್ವೆ, ಯಾವ ಭಾಷೆಯಲ್ಲಿ ಅರ್ಜಿ, ಯಾವ ಊರಿನ ಕಚೇರಿಗೆ ಅಲೆದಾಟ ಎಂಬುದೆಲ್ಲ ಬದಲಾಯಿತು.

ಡಿಸ್ಕಿನ ಪಾಲುಪಟ್ಟಿಯೂ ಹೀಗೆಯೇ. ಪಟ್ಟಿಯಲ್ಲಿ ಒಂದು ಸಾಲು ಅಳಿಸಿದಾಗ ಆ ಪಾಲಿನಲ್ಲಿರುವ ಚಿತ್ರಗಳು ಆ ಕ್ಷಣವೇ ನಾಶವಾಗುವುದಿಲ್ಲ. ಆದರೆ ಅವು ಎಲ್ಲಿವೆ ಎಂದು ಹೇಳುವ ಬರಹ ಹೋದುದರಿಂದ ಕಂಪ್ಯೂಟರಿಗೆ ಅವು ಇಲ್ಲವೆಂದೇ ಲೆಕ್ಕ. ಆ ಸ್ಥಳದಲ್ಲಿ ಹೊಸತನ್ನು ಬರೆದರಂತೂ ಹಳೆಯದು ನಿಜವಾಗಿ ಹೋಗುತ್ತದೆ. ಆದುದರಿಂದ ಪಟ್ಟಿ ಸಣ್ಣದಾದರೂ ಅದರ ಅಧಿಕಾರ ದೊಡ್ಡದು.

ಮೊದಲ ಆಜ್ಞೆ

ಇನ್ನು ಪಟ್ಟಿಯನ್ನು ಓದೋಣ. ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ಎಂಬ ಕಿಟಕಿ ತೆರೆಯುತ್ತದೆ. ಇಲ್ಲಿ ಮೌಸಿನ ಕೆಲಸವಿಲ್ಲ; ಆಜ್ಞೆಯನ್ನು ಬರೆದು ಎಂಟರ್ ಕೀಲಿ ಒತ್ತಿದರೆ ಉತ್ತರ ಬರುತ್ತದೆ. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಬರೆಯಬೇಕು.

ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಅಕ್ಷರಗಳನ್ನು ಎಡೆಬಿಡದೆ ಬರೆದು ಎಂಟರ್ ಒತ್ತಿರಿ. ಮೊದಲಿನ ಎರಡು ಅಕ್ಷರಗಳು ಪಟ್ಟಿ ಮಾಡು ಎಂಬುದರ ಸಂಕ್ಷೇಪ. ಉಳಿದ ಮೂರು ಡಿಸ್ಕಿನಂಥ ಉಪಕರಣಗಳನ್ನು ಸೂಚಿಸುತ್ತವೆ. ಈ ಆಜ್ಞೆಗೆ ಪಾಸ್‌ವರ್ಡ್ ಬೇಡ. ಅದು ಏನನ್ನೂ ಬದಲಿಸುವುದಿಲ್ಲ. ಬರುವ ಉತ್ತರದ ಮುಖ್ಯ ಭಾಗ ಈ ರೀತಿ ಇರಬಹುದು:

ಎಸ್‌ಡಿಎ – 465.8ಜಿ – ಡಿಸ್ಕ್
ಎಸ್‌ಡಿಎ1 – 512ಎಂ – ಪಾರ್ಟ್ – /ಬೂಟ್/ಇಎಫ್‌ಐ
ಎಸ್‌ಡಿಎ2 – 100ಜಿ – ಪಾರ್ಟ್ – /
ಎಸ್‌ಡಿಎ3 – 365.3ಜಿ – ಪಾರ್ಟ್ – /ಹೋಮ್
ಎಸ್‌ಡಿಬಿ – 14.6ಜಿ – ಡಿಸ್ಕ್
ಎಸ್‌ಡಿಬಿ1 – 14.6ಜಿ – ಪಾರ್ಟ್

ಎಸ್‌ಡಿಎ ಎಂಬುದು ಇಡೀ ಡಿಸ್ಕಿನ ಹೆಸರು; ಮುಂದೆ ಅಂಕಿ ಸೇರಿದರೆ ಅದರ ಒಂದೊಂದು ಪಾಲಿನ ಹೆಸರು. ಸರ್ವೆ ನಂಬ್ರ ಮತ್ತು ಅದರ ಸಬ್ ಡಿವಿಜನ್ ಇದ್ದಂತೆ ಎನ್ನಬಹುದು. ಎಸ್‌ಡಿಬಿ ಎಂಬುದು ಎರಡನೆಯ ಡಿಸ್ಕು. ಇಲ್ಲಿ ಅದೊಂದು ಪೆನ್‌ಡ್ರೈವ್. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಎಸ್‌ಡಿಎ ಬದಲಿಗೆ ಎನ್‌ವಿಎಂಇ ಎಂದು ಆರಂಭವಾಗುವ ಉದ್ದದ ಹೆಸರಿರುತ್ತದೆ; ಅಲ್ಲಿ ಪಾಲಿನ ಅಂಕಿಯ ಮೊದಲು ಪಿ ಎಂಬ ಅಕ್ಷರ ಬರುತ್ತದೆ. ಲೂಪ್ ಎಂಬ ಹೆಸರಿನ ಸಾಲುಗಳು ಕಂಡರೆ ಗಾಬರಿಯಾಗಬೇಡಿ. ಅವು ಬೇರೆ ಡಿಸ್ಕುಗಳಲ್ಲ, ಡಿಸ್ಕಿನಂತೆ ತೆರೆದಿಟ್ಟ ಕಡತಗಳು.

ಕೊನೆಯ ಅಂಕಣವು ಆ ಪಾಲನ್ನು ಎಲ್ಲಿ ಜೋಡಿಸಲಾಗಿದೆ ಎಂದು ತಿಳಿಸುತ್ತದೆ. ಓರೆಗೆರೆ ಒಂದೇ ಇದ್ದರೆ ಅದು ವ್ಯವಸ್ಥೆಯ ಮೂಲ. ಹೋಮ್ ಎಂದಿದ್ದರೆ ಅಲ್ಲಿ ಬಳಸುವವರ ಕಡತಗಳು. ಬೂಟ್ ಎಂದಿರುವ ಸಣ್ಣ ಪಾಲು ಕಂಪ್ಯೂಟರು ಎಚ್ಚರಗೊಳ್ಳುವಾಗ ಬೇಕಾಗುವಂಥದು. ಚಿಕ್ಕದೆಂದು ಅದನ್ನು ಕಡೆಗಣಿಸಬಾರದು.

ಇದೇ ಆಜ್ಞೆಯ ಮುಂದೆ ಒಂದು ಎಡೆ ಬಿಟ್ಟು ಸಣ್ಣ ಗೆರೆ ಹಾಗೂ ಎಫ್ ಅಕ್ಷರ ಬರೆದರೆ ಪ್ರತಿ ಪಾಲಿನಲ್ಲಿ ಯಾವ ಬಗೆಯ ಕಡತ ವ್ಯವಸ್ಥೆ ಇದೆ ಎಂಬುದೂ ಕಾಣುತ್ತದೆ. ಎನ್‌ಟಿಎಫ್‌ಎಸ್ ಎಂದಿದ್ದರೆ ಅದು ಹೆಚ್ಚಾಗಿ ವಿಂಡೋಸಿನ ಪಾಲು. ಎಕ್ಸ್ಟ್4 ಎಂದಿದ್ದರೆ ಲಿನಕ್ಸಿನ ಪಾಲು. ಮನೆಯ ಕಂಪ್ಯೂಟರಿನಲ್ಲಿ ತಂದೆಯವರ ಲೆಕ್ಕ ಯಾವ ಪಾಲಿನಲ್ಲಿರಬಹುದೆಂದು ಊಹಿಸಲು ಇದು ದಾರಿದೀಪ.

ಎರಡನೆಯ ಆಜ್ಞೆ

ಗಡಿಕಲ್ಲುಗಳ ನಂಬ್ರವೇ ಬೇಕೆಂದಾದರೆ ಎಫ್‌ಡಿಸ್ಕ್ ಎಂಬ ಆಜ್ಞೆ ಇದೆ. ಡಿಸ್ಕನ್ನು ನೇರವಾಗಿ ಓದಲು ಯಂತ್ರದ ಮೇಲ್ವಿಚಾರಕನ ಅಧಿಕಾರ ಬೇಕಾದುದರಿಂದ ಮೊದಲು ಸುಡೊ ಎಂಬ ಶಬ್ದ, ಅಂದರೆ ಎಸ್, ಯು, ಡಿ, ಓ ಎಂಬ ನಾಲ್ಕು ಅಕ್ಷರಗಳು, ಆಮೇಲೆ ಎಫ್‌ಡಿಸ್ಕ್, ಆಮೇಲೆ ಸಣ್ಣ ಗೆರೆ ಹಾಗೂ ಎಲ್ ಅಕ್ಷರ. ಯಂತ್ರವು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬರೆಯುವಾಗ ಪರದೆಯ ಮೇಲೆ ಅಕ್ಷರಗಳು ಕಾಣದಿರಬಹುದು. ಕೀಲಿಮಣೆ ಕೆಟ್ಟಿತೆಂದು ತಿಳಿಯಬಾರದು. ಶಾಲೆಯ ಯಂತ್ರದಲ್ಲಿ ಇದನ್ನು ಅಧ್ಯಾಪಕರ ಅನುಮತಿಯಿಂದಲೇ ಮಾಡತಕ್ಕದ್ದು.

ಈಗ ಪ್ರತಿ ಪಾಲಿನ ಆರಂಭದ ಸೆಕ್ಟರ್, ಕೊನೆಯ ಸೆಕ್ಟರ್, ಒಟ್ಟು ಸೆಕ್ಟರುಗಳು, ಗಾತ್ರ, ಬಗೆ ಇವೆಲ್ಲ ಕಾಣುತ್ತವೆ. ಡಿಸ್ಕ್‌ಲೇಬಲ್ ಟೈಪ್ ಎಂಬ ಸಾಲಿನಲ್ಲಿ ಜಿಪಿಟಿ ಎಂದಿದ್ದರೆ ಹೊಸ ಬಗೆಯ ಪಟ್ಟಿ, ಡಾಸ್ ಎಂದಿದ್ದರೆ ಹಳೆಯ ಬಗೆಯ ಪಟ್ಟಿ. ಮೇಲಿನ ಡಿಸ್ಕಿನ ಗಡಿಗಳು ಹೀಗಿವೆ ಎಂದುಕೊಳ್ಳೋಣ:

ಮೊದಲ ಪಾಲು: 2,048ರಿಂದ 10,50,623ರ ವರೆಗೆ
ಎರಡನೆಯದು: 10,50,624ರಿಂದ 21,07,65,823ರ ವರೆಗೆ
ಮೂರನೆಯದು: 21,07,65,824ರಿಂದ 97,67,71,071ರ ವರೆಗೆ

ಮೊದಲ ಪಾಲಿನ ವಿಸ್ತೀರ್ಣವನ್ನು ನಾವೇ ಲೆಕ್ಕ ಹಾಕಬಹುದು. ಕೊನೆಯ ನಂಬ್ರದಿಂದ ಆರಂಭದ ನಂಬ್ರವನ್ನು ಕಳೆದು ಒಂದನ್ನು ಕೂಡಿಸಬೇಕು. ಒಂದು ಏಕೆ? ಸಾಲಿನ ಹತ್ತನೆಯ ಅಡಿಕೆಮರದಿಂದ ಇಪ್ಪತ್ತನೆಯ ಮರದ ವರೆಗೆ ಎಣಿಸಿದರೆ ಹನ್ನೊಂದು ಮರಗಳಾಗುತ್ತವೆಯೇ ಹೊರತು ಹತ್ತಲ್ಲ. ಹಾಗೆ ಎಣಿಸಿದರೆ 10,48,576 ಸೆಕ್ಟರುಗಳು. ಅದನ್ನು 512ರಿಂದ ಗುಣಿಸಿದರೆ 53,68,70,912 ಬೈಟುಗಳು. 1,024ರಿಂದ ಎರಡು ಬಾರಿ ಭಾಗಿಸಿದರೆ ಸರಿಯಾಗಿ 512 ಬರುತ್ತದೆ. ಪಟ್ಟಿಯಲ್ಲಿ 512ಎಂ ಎಂದು ಕಂಡದ್ದು ಇದೇ. ಉಳಿದ ಎರಡು ಪಾಲುಗಳ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ.

ಒಂದರ ಗಡಿ ಮುಗಿದ ಮರುಸೆಕ್ಟರಿನಲ್ಲಿಯೇ ಇನ್ನೊಂದು ಆರಂಭವಾಗುವುದನ್ನೂ ಗಮನಿಸಿ. ನಡುವೆ ದೊಡ್ಡ ಅಂತರವಿದ್ದರೆ ಅದು ಯಾರ ಪಾಲಿಗೂ ಬರೆಯದ ಖಾಲಿ ಜಾಗ ಎಂದರ್ಥ. ಆರಂಭದ 2,048 ಸೆಕ್ಟರುಗಳನ್ನು ಬಿಟ್ಟಿರುವುದು ವಾಡಿಕೆ. ಪಾಲುಪಟ್ಟಿ ಇರುವುದೂ ಆ ಜಾಗದಲ್ಲಿಯೇ.

ಅಂಗಡಿಯ 500, ಪರದೆಯ 465.8

ಅಂಗಡಿಯಲ್ಲಿ 500 ಜಿ.ಬಿ. ಎಂದು ಕೊಂಡ ಡಿಸ್ಕು ಪರದೆಯ ಮೇಲೆ 465.8 ಎಂದು ಕಂಡಾಗ ಮೋಸವಾಯಿತೆಂದು ಕೆಲವರು ಹೇಳುವುದುಂಟು. ಇದು ಮೋಸವಲ್ಲ, ಎರಡು ಅಳತೆಗೋಲುಗಳ ವ್ಯತ್ಯಾಸ. ತಯಾರಕರು ಸಾವಿರ, ಸಾವಿರದಂತೆ ಎಣಿಸುತ್ತಾರೆ. ಅವರಿಗೆ ಒಂದು ಜಿ.ಬಿ. ಎಂದರೆ ನೂರು ಕೋಟಿ ಬೈಟು. ನಮ್ಮ ಆಜ್ಞೆಯು 1,024ರಂತೆ ಎಣಿಸುತ್ತದೆ. ಅದರ ಲೆಕ್ಕದಲ್ಲಿ ಒಂದು ಜಿ ಎಂದರೆ 107 ಕೋಟಿಗಿಂತ ಹೆಚ್ಚು ಬೈಟು. ಇಂಥ ಒಂದು ಡಿಸ್ಕಿನಲ್ಲಿ ಸಾಮಾನ್ಯವಾಗಿ 97,67,73,168 ಸೆಕ್ಟರುಗಳು, ಅಂದರೆ 5,00,10,78,62,016 ಬೈಟುಗಳು ಇರುತ್ತವೆ. ಸೇರು ದೊಡ್ಡದಾದರೆ ಅದೇ ಅಕ್ಕಿ ಕಡಿಮೆ ಸೇರು ತೂಗುವುದಿಲ್ಲವೇ? ಹಾಗೆಯೇ ಇದು.

ಎಚ್ಚರಿಕೆಯ ನಾಲ್ಕು ಮಾತು

ಮೊದಲನೆಯದಾಗಿ, ಎಫ್‌ಡಿಸ್ಕ್ ಆಜ್ಞೆಯ ಮುಂದಿನ ಎಲ್ ಅಕ್ಷರವನ್ನು ಬಿಡಬಾರದು. ಅದನ್ನು ಬಿಟ್ಟು ಡಿಸ್ಕಿನ ಹೆಸರನ್ನು ಬರೆದರೆ ತಿದ್ದುವ ಕೋಣೆಯ ಬಾಗಿಲು ತೆರೆಯುತ್ತದೆ. ಅಕಸ್ಮಾತ್ ಅಲ್ಲಿಗೆ ಹೋದರೆ ಹೆದರಬೇಡಿ. ಕ್ಯೂ ಅಕ್ಷರ ಒತ್ತಿ ಎಂಟರ್ ಕೊಟ್ಟರೆ ಏನೂ ಬದಲಾಗದೆ ಹೊರಗೆ ಬರಬಹುದು. ಡಬ್ಲ್ಯು ಒತ್ತಿದರೆ ಮಾತ್ರ ಮಾಡಿದ ತಿದ್ದುಪಡಿ ಡಿಸ್ಕಿಗೆ ಬರೆಯಲ್ಪಡುತ್ತದೆ. ಪಾರ್ಟೆಡ್ ಎಂಬ ಇನ್ನೊಂದು ಆಜ್ಞೆ ಇದೆ. ಅದು ಹಾಗಲ್ಲ, ಹೇಳಿದ ತಿದ್ದುಪಡಿಯನ್ನು ಕೂಡಲೇ ಬರೆದುಬಿಡುತ್ತದೆ. ಅದನ್ನೂ ಸಣ್ಣ ಗೆರೆ, ಎಲ್ ಸೇರಿಸಿ ಓದುವುದಕ್ಕೆ ಮಾತ್ರ ಬಳಸಿರಿ.

ಎರಡನೆಯದಾಗಿ, ಡಿಸ್ಕನ್ನು ಹೆಸರಿನಿಂದಷ್ಟೇ ನಂಬಬಾರದು. ಇಂದು ಎಸ್‌ಡಿಬಿ ಆಗಿದ್ದ ಪೆನ್‌ಡ್ರೈವ್ ನಾಳೆ ಬೇರೆ ಹೆಸರಿನಿಂದ ಕಾಣಬಹುದು. ಗಾತ್ರವನ್ನು ನೋಡಿಯೇ ಗುರುತಿಸಬೇಕು. ಪೆನ್‌ಡ್ರೈವನ್ನು ತೆಗೆದು ಒಮ್ಮೆ, ಹಾಕಿ ಒಮ್ಮೆ ಪಟ್ಟಿಯನ್ನು ನೋಡಿದರೆ ಹೊಸದಾಗಿ ಬಂದ ಸಾಲು ಯಾವುದೆಂದು ಸಂಶಯವಿಲ್ಲದೆ ತಿಳಿಯುತ್ತದೆ.

ಮೂರನೆಯದಾಗಿ, ಪಟ್ಟಿಯನ್ನು ನೋಡಿದ ಬಳಿಕ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಯಾವ ಪಾಲು, ಎಷ್ಟು ಗಾತ್ರ, ಎಲ್ಲಿಂದ ಎಲ್ಲಿಗೆ ಎಂದು ಐದಾರು ಸಾಲು ಸಾಕು. ಮುಂದೊಂದು ದಿನ ಪಟ್ಟಿ ಅಳಿಸಿಹೋದರೆ ಬಲ್ಲವರಿಗೆ ಈ ಬರಹವೇ ಆಧಾರ. ಅಂಥ ಸಂದರ್ಭದಲ್ಲಿ ಆ ಡಿಸ್ಕಿಗೆ ಹೊಸತೇನನ್ನೂ ಬರೆಯದೆ ಕಂಪ್ಯೂಟರನ್ನು ನಿಲ್ಲಿಸಿ ಅನುಭವಿಗಳನ್ನು ಕೇಳಬೇಕು. ಕಳೆದುಹೋದ ಪಾಲುಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್ ಎಂಬ ಸ್ವತಂತ್ರ ತಂತ್ರಾಂಶವೂ ಇದೆ. ಆದರೆ ಅದು ಯಾವಾಗಲೂ ಫಲಿಸುವುದೆಂಬ ಭರವಸೆ ಇಲ್ಲ.

ನಾಲ್ಕನೆಯದಾಗಿ, ಪಾಲುಪಟ್ಟಿಯ ಪ್ರತಿ ಎಂದರೆ ಕಡತಗಳ ಪ್ರತಿಯಲ್ಲ. ಆಧಾರಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಕೊಚ್ಚಿಹೋದ ತೋಟ ಮರಳಿ ಬರುವುದಿಲ್ಲ. ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದ ನಂತರವೇ ಹೊಸ ವ್ಯವಸ್ಥೆ ಹಾಕುವ ಮಾತು.

ವಿಂಡೋಸ್ ಇರುವ ಮನೆಗಳಲ್ಲಿ

ವಿಂಡೋಸಿನಲ್ಲಿಯೂ ಪಟ್ಟಿಯನ್ನು ಓದಬಹುದು. ಮೇಲ್ವಿಚಾರಕನ ಅಧಿಕಾರದಿಂದ ಆಜ್ಞೆಯ ಕಿಟಕಿಯನ್ನು ತೆರೆದು ಡಿಸ್ಕ್‌ಪಾರ್ಟ್ ಎಂದು ಬರೆದು, ಅದರೊಳಗೆ ಲಿಸ್ಟ್ ಡಿಸ್ಕ್ ಎಂದರೆ ಡಿಸ್ಕುಗಳ ಪಟ್ಟಿ ಬರುತ್ತದೆ; ಸೆಲೆಕ್ಟ್ ಡಿಸ್ಕ್ 0 ಎಂದು ಒಂದನ್ನು ಆರಿಸಿ ಲಿಸ್ಟ್ ಪಾರ್ಟಿಶನ್ ಎಂದರೆ ಅದರ ಪಾಲುಗಳು ಕಾಣುತ್ತವೆ. ಎಕ್ಸಿಟ್ ಎಂದರೆ ಹೊರಗೆ ಬರಬಹುದು. ಅಲ್ಲಿ ಕ್ಲೀನ್ ಎಂಬ ಒಂದು ಆಜ್ಞೆಯೂ ಇದೆ. ಹೆಸರು ಕೇಳಿ ಕಸ ಗುಡಿಸುವುದೆಂದು ತಿಳಿಯಬಾರದು. ಆರಿಸಿದ ಡಿಸ್ಕಿನ ಪಾಲುಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕುವುದು ಅದರ ಕೆಲಸ.

ತಂದೆತಾಯಂದಿರಿಗೂ ಒಂದು ಮಾತು. ಮಕ್ಕಳು ಕಪ್ಪು ಕಿಟಕಿಯಲ್ಲಿ ಏನೋ ಬರೆಯುವುದನ್ನು ಕಂಡು ಯಂತ್ರ ಕೆಡಿಸುತ್ತಾರೆಂದು ತಡೆಯುವುದು ಬೇಡ. ಏನು ಮಾಡುತ್ತಿದ್ದೀ, ಇದು ಓದುವ ಆಜ್ಞೆಯೋ ತಿದ್ದುವ ಆಜ್ಞೆಯೋ ಎಂದು ಕೇಳಿರಿ. ಉತ್ತರ ಹೇಳಬಲ್ಲ ಮಗುವಿನ ಕೈಯಲ್ಲಿ ಕಂಪ್ಯೂಟರ್ ಕ್ಷೇಮ. ಹೇಳಲಾರದಿದ್ದರೆ ನಾಳೆ ಶಾಲೆಯಲ್ಲಿ ಕೇಳಿ ತಿಳಿದುಕೊಂಡು ಬಾ ಎನ್ನಿ.

ಗಡಿಯಂಚಿನ ಊರಿನವರಾದ ನಮಗೆ ಒಂದು ಗೆರೆಯ ಬೆಲೆ ಏನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಡಿಸ್ಕಿನ ಗೆರೆಗಳನ್ನೂ ಅದೇ ಗೌರವದಿಂದ ಓದಲು ಕಲಿಯೋಣ. ಮುಂದಿನ ಸಲ ಲ್ಯಾಬಿಗೆ ಹೋದಾಗ ಆ ಐದು ಅಕ್ಷರಗಳನ್ನು ಬರೆದು ನೋಡಿರಿ. ಬಂದ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳಿರಿ.